ಸಾಂಕ್ರಾಮಿಕದಲ್ಲಿ ಸೇವೆ: ಮೊದಲು ಕೇಳಿ, ಆಮೇಲೆ ಹೊರಡಿ

2020ರ ಮಾರ್ಚ್ 25ರಂದು ದೇಶವಿಡೀ ಲಾಕ್‌ಡೌನ್ ಶುರುವಾಯಿತು, ಬಸ್ಸುಗಳು ನಿಂತವು. ಬಸ್ಸು ನಿಂತರೆ ಕೊಂಡ್ಲಹಳ್ಳಿಯಂಥ ಊರಿನ ಪಾಡೇನು ಎಂದು ನಿಮಗೆ ಹೇಳಬೇಕಿಲ್ಲ. ತಾಲ್ಲೂಕು ಆಸ್ಪತ್ರೆ ಮೊಳಕಾಲ್ಮುರಿನಲ್ಲಿ, ಜಿಲ್ಲಾ ಆಸ್ಪತ್ರೆ ಚಿತ್ರದುರ್ಗದಲ್ಲಿ. ಅಂಥ ದಿನಗಳಲ್ಲಿ ಒಂದೇ ಮನೆಗೆ ಎರಡು ಕಡೆಯಿಂದ ರೇಷನ್ ಕಿಟ್ ಬರಬಹುದು; ಪಕ್ಕದ ಮನೆಯ ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದದ್ದು ಯಾರಿಗೂ ತಿಳಿಯದೇ ಇರಬಹುದು. ನಮ್ಮಲ್ಲಿ ಕೊಡುವ ಮನಸ್ಸಿಗೆ ಕೊರತೆಯಿಲ್ಲ. ಯಾರಿಗೆ ಏನು ಬೇಕೆಂದು ಕೇಳಿ ತಿಳಿಯುವವರು ಕಡಿಮೆ.

ಈ ವಿಷಯದಲ್ಲಿ ಬೆಂಗಳೂರಿನವರಿಂದ ಕಲಿಯುವುದಿದೆ. 2020ರಲ್ಲಿ ಅಲ್ಲಿನ ಹಲವು ಸೇವಾ ಸಂಸ್ಥೆಗಳು ‘ಮರ್ಸಿ ಮಿಷನ್’ ಹೆಸರಿನಲ್ಲಿ ಒಟ್ಟಾಗಿ ಕೆಲಸ ಮಾಡಿದವು. ‘ಮರ್ಸಿ ಏಂಜೆಲ್ಸ್’ ಸ್ವಯಂಸೇವಕರು ಕೋವಿಡ್‌ನಿಂದ ತೀರಿಕೊಂಡವರ ಅಂತ್ಯಸಂಸ್ಕಾರವನ್ನು ಜಾತಿ-ಧರ್ಮ ನೋಡದೆ ನೆರವೇರಿಸಿದರು. ಶಿವಾಜಿನಗರದ ಎಚ್‌ಬಿಎಸ್ ಆಸ್ಪತ್ರೆಯ ಡಾ. ತಾಹಾ ಮತೀನ್ ಅವರು ಆ ವರ್ಷ ವಿಡಿಯೊ ಮೂಲಕ ಮಾಡಿದ ಮನವಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ರೋಗಿಗಳಿಗೆ ಹಾಸಿಗೆಯಿತ್ತು, ನೋಡಿಕೊಳ್ಳಲು ವೈದ್ಯರು ಸಾಲುತ್ತಿರಲಿಲ್ಲ. ಅವರು ಕೇಳಿದ್ದು ಅದನ್ನೇ. ಏನು ಕೊರತೆಯಿದೆ ಎಂಬುದು ಸ್ಪಷ್ಟವಾದಾಗ ನೆರವು ಸರಿಯಾದ ಜಾಗಕ್ಕೆ ಬರುತ್ತದೆ.

ನಮ್ಮ ಹಳ್ಳಿಗಳಲ್ಲೂ ಇದೇ ದಾರಿ ಹಿಡಿಯಬಹುದು. ಜಮಾಅತ್ ಕಮಿಟಿ, ಸ್ತ್ರೀಶಕ್ತಿ ಸಂಘ, ಯುವಕ ಸಂಘ ಈಗಾಗಲೇ ಇವೆ. ಇನ್ನೊಂದು ಸಂಘ ಕಟ್ಟಿ ಬ್ಯಾನರ್ ಬರೆಸುವ ಬದಲು ಅವರ ಬಳಿ ಹೋಗಿ, ಆಶಾ ಕಾರ್ಯಕರ್ತೆಯನ್ನೂ ಕಂಡು, ‘ನಿಮ್ಮ ಕೈಗೆ ಆಗದೆ ಉಳಿದ ಕೆಲಸ ಯಾವುದು?’ ಎಂದು ಕೇಳಿ. ಅವರು ಹೇಳಿದ್ದರಲ್ಲಿ ಒಂದನ್ನು ಮಾತ್ರ ವಹಿಸಿಕೊಳ್ಳಿ.

ವೈದ್ಯನಾಗಿ ನನ್ನ ಸಲಹೆ ಔಷಧದ ಪುಸ್ತಕ. ಓಣಿಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ, ಉಬ್ಬಸ, ಮೂರ್ಛೆರೋಗಕ್ಕೆ ದಿನವೂ ಮಾತ್ರೆ ನುಂಗುವವರು ಯಾರು, ಎಷ್ಟು ದಿನದ ಮಾತ್ರೆ ಉಳಿದಿದೆ ಎಂದು ಅವರ ಒಪ್ಪಿಗೆ ಪಡೆದು ಬರೆದಿಡಿ. ವೈದ್ಯರ ಚೀಟಿಯ ಫೋಟೊ ಇರಲಿ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ತರಿಸಿ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಹೆಸರು ಒಂದೇ ಇದ್ದರೂ ಪ್ರಮಾಣ ಬೇರೆ ಇರುತ್ತದೆ. ಯಾರ ಕಾಯಿಲೆಯ ವಿಷಯವೂ ಪುಸ್ತಕದಿಂದ ಹೊರಗೆ ಹೋಗಕೂಡದು. ನೆರವು ಪಡೆದವರ ಫೋಟೊ ಹಂಚಬೇಡಿ.

ಸೇವೆಗೆ ಹೊರಟವರೇ ರೋಗ ಹೊತ್ತು ತರಬಾರದು. ಜ್ವರ, ಕೆಮ್ಮು, ಗಂಟಲು ನೋವು ಇದ್ದವರು ಆ ದಿನ ಮನೆಯಲ್ಲೇ ಉಳಿಯಲಿ. ಕೋವಿಡ್‌ನಂಥ ರೋಗ ಗಾಳಿಯಿಂದಲೂ ಹರಡುತ್ತದೆ. ಹಾಗಾಗಿ ಮೂಗು, ಬಾಯಿ ಎರಡೂ ಮುಚ್ಚುವ ಮಾಸ್ಕ್ ಹಾಕಿ, ಸಾಮಾನನ್ನು ಹೊಸ್ತಿಲಲ್ಲೇ ಕೊಟ್ಟು ಬನ್ನಿ. ಸಭೆ ನಡೆಸುವುದಿದ್ದರೆ ಬಯಲಲ್ಲಿ ನಡೆಸಿ. ಮನೆಗೆ ಬಂದ ಕೂಡಲೇ ಸಾಬೂನಿನಿಂದ ಕೈ ತೊಳೆಯಿರಿ. ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇರುವವರಿಗೆ ಫೋನ್ ಮಾಡುವ ಕೆಲಸ, ಲೆಕ್ಕ ಬರೆಯುವ ಕೆಲಸ ಕೊಡಿ. ಅದೂ ಸೇವೆಯೇ.

ಓಣಿಗೊಂದು ಪಲ್ಸ್ ಆಕ್ಸಿಮೀಟರ್ ಇದ್ದರೆ ಒಳ್ಳೆಯದು. ಉಗುರಿನ ಬಣ್ಣ, ಕಪ್ಪು ಮದರಂಗಿ ಇರುವ ಬೆರಳಲ್ಲಿ ಅಳೆಯಬೇಡಿ, ಅಂಕಿ ತಪ್ಪಬಹುದು. ರೋಗಿ ಸುಮ್ಮನೆ ಕುಳಿತಿರುವಾಗ ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗೆ ಬಂದರೆ ಅಥವಾ ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಜೋಶಾಂದ ಗಂಟಲಿಗೆ ಹಿತ, ಆದರೆ ಆಮ್ಲಜನಕ ಇಳಿದಾಗ ಅದಕ್ಕೆ ಕಾಯುತ್ತಾ ಕೂರಬೇಡಿ.

ಔಷಧದ ಪುಸ್ತಕಕ್ಕೆ ಮುಂದಿನ ಸಾಂಕ್ರಾಮಿಕ ಬರುವವರೆಗೆ ಕಾಯಬೇಕಿಲ್ಲ. ಈ ವಾರವೇ ನಿಮ್ಮ ಓಣಿಯ ಹತ್ತು ಮನೆಗಳಿಂದ ಶುರುಮಾಡಿ. ಧರ್ಮ ಯಾವುದೇ ಇರಲಿ, ಒಂದು ಮನೆಯನ್ನೂ ಬಿಡಬೇಡಿ. ಬಸ್ಸು ನಿಂತ ದಿನ ಯಾರ ಬಾಗಿಲು ತಟ್ಟಬೇಕೆಂದು ನಿಮಗೆ ಮೊದಲೇ ಗೊತ್ತಿರುತ್ತದೆ.