ಗಾಜಿನ ತೊಟ್ಟಿಯಲ್ಲಿ ನ್ಯೂಟ್: ಚೆನ್ನೈಯ ಗೃಹಸ್ಥರಿಗೆ ಕೆಲವು ಮಾತುಗಳು

ನಮ್ಮ ಊರುಗಳಲ್ಲಿ ಮನೆಯ ಹಿಂದೆ ತೋಟ, ತೋಟದಲ್ಲಿ ಬಾವಿ, ಬಾವಿಯಲ್ಲಿ ಕಪ್ಪೆಗಳು ಇದ್ದವು. ಜೀವಜಂತುಗಳನ್ನು ದುಡ್ಡು ಕೊಟ್ಟು ತಂದು ಮಕ್ಕಳಿಗೆ ತೋರಿಸಬೇಕಾದ ಪ್ರಮೇಯವಿರಲಿಲ್ಲ. ಚೆನ್ನೈಯ ವಸತಿ ಸಮುಚ್ಚಯಗಳ ಮೂರನೆಯ ಮಹಡಿಯಲ್ಲಿ ಬೆಳೆಯುವ ಮಕ್ಕಳಿಗೆ ಆ ಭಾಗ್ಯವಿಲ್ಲವಾದುದರಿಂದ ಗಾಜಿನ ತೊಟ್ಟಿಗಳು ನಮ್ಮ ಹಜಾರಗಳನ್ನು ಸೇರಿವೆ. ಸೆಂಟ್ರಲ್ ನಿಲ್ದಾಣದ ಪಕ್ಕದ ಮೂರ್ ಮಾರ್ಕೆಟ್ 1985ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೆ ಅಲ್ಲಿ ಹಳೆಯ ಪುಸ್ತಕಗಳೊಡನೆ ಸಾಕುಪ್ರಾಣಿಗಳೂ ದೊರೆಯುತ್ತಿದ್ದುದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಈಗ ಬಣ್ಣದ ಮೀನೆಂದರೆ ಕೊಳತ್ತೂರು. ಮೀನು ಸಾಕಿ ಬೇಸತ್ತ ಹುಡುಗರು ನ್ಯೂಟ್, ಆಕ್ಸೊಲಾಟಲ್ ಮುಂತಾದ ಹೊಸ ಹೆಸರುಗಳನ್ನು ಮೊಬೈಲಿನಲ್ಲಿ ಕಂಡು ತಂದೆತಾಯಿಯರನ್ನು ಪೀಡಿಸುತ್ತಿರುವುದು ಇತ್ತೀಚಿನ ಬೆಳವಣಿಗೆ. ನಾನು ವೈದ್ಯನೂ ಅಲ್ಲ, ಪ್ರಾಣಿಶಾಸ್ತ್ರಜ್ಞನೂ ಅಲ್ಲ. ಆದರೆ ಯಾವ ಸಾಲವನ್ನಾದರೂ ಮಂಜೂರು ಮಾಡುವ ಮೊದಲು ಅದರ ಬಾಧ್ಯತೆಗಳನ್ನು ಪರಿಶೀಲಿಸುವುದು ನನ್ನ ವೃತ್ತಿಧರ್ಮ. ಆ ದೃಷ್ಟಿಯಿಂದಲೇ ಈ ಲೇಖನ.

ನ್ಯೂಟ್ ನೋಡಲು ಹಲ್ಲಿಯಂತಿದ್ದರೂ ಹಲ್ಲಿಯ ಬಳಗಕ್ಕೆ ಸೇರಿದುದಲ್ಲ. ಅದು ಕಪ್ಪೆಯ ಬಂಧು, ಬಾಲವುಳ್ಳ ಉಭಯವಾಸಿ. ಮೈಮೇಲೆ ಹುರುಪೆಗಳಿಲ್ಲ, ತೇವದಿಂದ ಕೂಡಿದ ತೆಳುವಾದ ಚರ್ಮದ ಮೂಲಕವೂ ಅದು ಉಸಿರಾಡುತ್ತದೆ. ಕನ್ನಡದಲ್ಲಿ ಇದಕ್ಕೆ ಮನೆಮಾತಿನ ಹೆಸರಿಲ್ಲದಿರುವುದು ಸಹಜವೇ, ಏಕೆಂದರೆ ನಮ್ಮ ಪಶ್ಚಿಮ ಘಟ್ಟಗಳಲ್ಲಿ ಕಪ್ಪೆಗಳ ಸಂಪತ್ತು ಅಪಾರವಾಗಿದ್ದರೂ ನ್ಯೂಟ್ ಇಲ್ಲ. ಭಾರತದಲ್ಲಿ ಅದು ವಾಸಿಸುವುದು ಡಾರ್ಜಿಲಿಂಗ್ ಮತ್ತು ಈಶಾನ್ಯದ ತಂಪಾದ ಬೆಟ್ಟಗಳಲ್ಲಿ ಮಾತ್ರ. ಮಳೆಗಾಲದಲ್ಲಿ ಅಲ್ಲಿನ ಕೊಳಗಳಿಗೆ ಬಂದು ಮೊಟ್ಟೆಯಿಡುತ್ತದೆ. ಡಾರ್ಜಿಲಿಂಗ್ ಜಿಲ್ಲೆಯ ಜೋರೆಪೋಖ್ರಿಯಲ್ಲಿ ಇದಕ್ಕೆಂದೇ ಒಂದು ಪುಟ್ಟ ಅಭಯಾರಣ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇರುವುದರಿಂದ ಹಿಮಾಲಯದ ನ್ಯೂಟನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ವಿದೇಶೀ ಜಾತಿಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕು. ಆಕ್ಸೊಲಾಟಲ್ ಆ ಪಟ್ಟಿಯಲ್ಲಿದೆ. ಬ್ಯಾಂಕಾಕಿನಿಂದ ಪೆಟ್ಟಿಗೆಯಲ್ಲಿ ಅಡಗಿಸಿ ತಂದ ಪ್ರಾಣಿಗಳನ್ನು ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳು ವಶಪಡಿಸಿಕೊಂಡ ವಾರ್ತೆ ಆಗಾಗ ಬರುತ್ತಲೇ ಇರುತ್ತದೆ. ರಶೀದಿ ಕೊಡಲೊಪ್ಪದ ಅಂಗಡಿಯಿಂದ ಯಾವ ಪ್ರಾಣಿಯನ್ನೂ ಕೊಳ್ಳಲಾಗದು.

ಇನ್ನು ಮುಖ್ಯ ಪ್ರಶ್ನೆ ಸೆಕೆಯದು. ಸಾಮಾನ್ಯವಾಗಿ ಸಾಕುವ ನ್ಯೂಟ್‌ಗಳಿಗೆ ಹಿತವಾದ ನೀರಿನ ಉಷ್ಣತೆ ಸುಮಾರು 16ರಿಂದ 20 ಡಿಗ್ರಿ. 24 ದಾಟಿತೆಂದರೆ ಸಂಕಟ ಆರಂಭ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಪ್ರಾಣಿಯ ದೇಹಕ್ಕೆ ಅದರ ಅಗತ್ಯವಾದರೋ ಹೆಚ್ಚು. ಮೇವು ಬಿಡುತ್ತದೆ, ಚರ್ಮಕ್ಕೆ ರೋಗ ತಗಲುತ್ತದೆ. 2003ರ ಮೇ ತಿಂಗಳ ಕೊನೆಯಲ್ಲಿ ನುಂಗಂಬಾಕ್ಕಂನಲ್ಲಿ 45 ಡಿಗ್ರಿ ದಾಖಲಾದ ಊರು ನಮ್ಮದು. ಮಾರ್ಗಳಿಯ ನಸುಕಿನಲ್ಲಿಯೂ ಇಲ್ಲಿ ನೀರು ನ್ಯೂಟ್ ಬಯಸುವಷ್ಟು ತಣ್ಣಗಾಗುವುದು ಅಪರೂಪ. ಮಂಜುಗಡ್ಡೆ ಹಾಕುವುದರಿಂದ ಉಷ್ಣತೆ ಏರಿಳಿದು ಕೇಡೇ ಹೆಚ್ಚು. ಚಿಲ್ಲರ್ ಎಂಬ ಯಂತ್ರ ಬೇಕು. ಅದು ಹಗಲಿರುಳು ನಡೆಯಬೇಕು. 2016ರ ಡಿಸೆಂಬರಿನಲ್ಲಿ ವರ್ದಾ ಚಂಡಮಾರುತ ಬಡಿದಾಗ ಅನೇಕ ಬಡಾವಣೆಗಳಲ್ಲಿ ದಿನಗಟ್ಟಲೆ ವಿದ್ಯುತ್ತಿರಲಿಲ್ಲ. ಅದಿರಲಿ, ಮೇ ತಿಂಗಳಿನಲ್ಲಿ ನಾವು ಮಾಡುವುದೇನು? ಮನೆಗೆ ಬೀಗ ಹಾಕಿ, ಮೈನ್ ಸ್ವಿಚ್ ಆರಿಸಿ, ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಮೈಸೂರಿಗೋ ವೆಸ್ಟ್ ಕೋಸ್ಟಿನಲ್ಲಿ ಮಂಗಳೂರಿಗೋ ಹೊರಡುತ್ತೇವೆ. ಮುಚ್ಚಿದ ಮನೆಯ ಆ ಸೆಕೆಯಲ್ಲಿ ನ್ಯೂಟ್ ಎರಡು ದಿನವೂ ಉಳಿಯುವ ಭರವಸೆಯಿಲ್ಲ. ನನ್ನ ಮಟ್ಟಿಗೆ ಈ ಒಂದು ಕಾರಣವೇ ಅರ್ಜಿಯನ್ನು ತಿರಸ್ಕರಿಸಲು ಸಾಕು.

ಆದರೂ ಈಗಾಗಲೇ ಕಾನೂನುಬದ್ಧವಾಗಿ ತಂದವರಿದ್ದರೆ, ಅವರು ಎಲ್ಲಕ್ಕಿಂತ ಮೊದಲು ನೀರನ್ನು ಅರಿಯಬೇಕು. ಮೆಟ್ರೋ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ಬಕೆಟ್ಟಿನಲ್ಲಿಟ್ಟರೆ ಬಹುಮಟ್ಟಿಗೆ ಆರಿಹೋಗುತ್ತದೆ. ಬಕೆಟ್ಟಿಗೆ ತೆಳುಬಟ್ಟೆ ಕಟ್ಟತಕ್ಕದ್ದು, ಇಲ್ಲವಾದರೆ ಡೆಂಗಿಯ ಸೊಳ್ಳೆ ಅದರಲ್ಲಿಯೇ ಮೊಟ್ಟೆಯಿಡುತ್ತದೆ. ಬೆಸೆಂಟ್ ನಗರದಂತಹ ಕಡಲಂಚಿನ ಬಡಾವಣೆಗಳಲ್ಲಿ ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಅದು ಇದಕ್ಕೆ ಬಾರದು. ಪ್ರಾಣಿಯ ಮಲದಿಂದ ಹುಟ್ಟುವ ಅಮೋನಿಯಾ ವಿಷ. ಸೋಸುವ ಸಾಧನದಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಅನಂತರ ಅಷ್ಟಾಗಿ ಕೆಡಕಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ, ತೊಟ್ಟಿಯನ್ನೂ ಪ್ರಾಣಿಯನ್ನೂ ಒಂದೇ ದಿನ ಮನೆಗೆ ತರಬಾರದು. 60 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ ಕಾಲುಭಾಗ ನೀರು ಬದಲಿಸುವುದಾದರೆ ವರ್ಷಕ್ಕೆ 780 ಲೀಟರ್. 2019ರ ಜೂನಿನಲ್ಲಿ ಕೊಡಗಳನ್ನು ಸಾಲಾಗಿಟ್ಟು ಲಾರಿಗಾಗಿ ಕಾದವರಿಗೆ ಈ ಅಂಕಿಯನ್ನು ವಿವರಿಸಬೇಕಾಗಿಲ್ಲ. ಎರೆಹುಳು ಒಳ್ಳೆಯ ಆಹಾರ. ಬೆಳೆದ ನ್ಯೂಟ್‌ಗೆ ವಾರಕ್ಕೆ ಎರಡು ಮೂರು ಬಾರಿ ಸಾಕು. ಗಾಜಿನ ಮೇಲೆ ಹತ್ತಬಲ್ಲದಾದುದರಿಂದ ಭದ್ರವಾದ ಮುಚ್ಚಳವಿರಲಿ. ಸೊಳ್ಳೆ ಓಡಿಸುವ ದ್ರವದ ಯಂತ್ರವನ್ನು ಆ ಕೋಣೆಯಲ್ಲಿ ಹಚ್ಚಲೇಬಾರದು. ನಮಗೆ ಕೇವಲ ವಾಸನೆಯಾದುದು ಚರ್ಮದಿಂದ ಉಸಿರಾಡುವ ಜೀವಿಗೆ ವಿಷ.

ಈಗ ಮನೆಯವರ ಆರೋಗ್ಯ. ನ್ಯೂಟ್‌ನ ಚರ್ಮ ವಿಷವನ್ನು ಸ್ರವಿಸುತ್ತದೆ. ಅಮೆರಿಕದ ಆರೆಗನ್ ಪ್ರಾಂತದಲ್ಲಿ 1979ರಲ್ಲಿ ಒರಟು ಚರ್ಮದ ನ್ಯೂಟ್ ಒಂದನ್ನು ನುಂಗಿದ ಯುವಕನೊಬ್ಬ ಅಸುನೀಗಿದ. ಎಲ್ಲ ಜಾತಿಗಳೂ ಅಷ್ಟು ಘೋರವಲ್ಲವಾದರೂ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕೂಸಿರುವ ಮನೆಗೆ ಇದು ತಕ್ಕುದಲ್ಲ. ಕಪ್ಪೆ, ಆಮೆ, ನ್ಯೂಟ್‌ಗಳು ತಮಗೆ ರೋಗವಿಲ್ಲದೆಯೇ ಸಾಲ್ಮೊನೆಲ್ಲಾ ಎಂಬ ಭೇದಿಯ ರೋಗಾಣುವನ್ನು ಹೊತ್ತಿರಬಹುದು. ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಲಾಯಿತು. ಐದು ವರ್ಷದೊಳಗಿನ ಮಕ್ಕಳು ಮತ್ತು ವಯಸ್ಸಾದ ಅಜ್ಜ ಅಜ್ಜಿಯರಿಗೆ ಇದು ಹೆಚ್ಚು ಅಪಾಯಕರ. ತೊಟ್ಟಿಯ ಸಾಮಾನುಗಳನ್ನು ಅಡಿಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಕೈಗೆ ಸಾಬೂನು ಹಚ್ಚಿ ತೊಳೆಯದೆ ಅನ್ನದ ತಟ್ಟೆಯ ಮುಂದೆ ಕೂರಬಾರದು. ಮತ್ತೊಂದು ಸಂಗತಿ ಮೀನು ಸಾಕುವವರಿಗೂ ಅನ್ವಯಿಸುತ್ತದೆ. ಗಾಯವಾದ ಕೈಯನ್ನು ತೊಟ್ಟಿಯೊಳಗೆ ಅದ್ದಿದರೆ ಕೆಲವು ವಾರಗಳ ಅನಂತರ ಅಲ್ಲಿ ಗಂಟು ಕಾಣಿಸಿಕೊಳ್ಳುವುದುಂಟು. ಕ್ಷಯದ ರೋಗಾಣುವಿನ ದಾಯಾದಿಯೊಂದು ಇದಕ್ಕೆ ಕಾರಣ. ಸಾಮಾನ್ಯ ಔಷಧಕ್ಕೆ ಬಗ್ಗದ ಇಂತಹ ಗಂಟಾದಾಗ, ಮನೆಯಲ್ಲಿ ತೊಟ್ಟಿಯಿದೆಯೆಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಅವರು ಕೇಳುವವರೆಗೆ ಕಾಯಬಾರದು.

ನ್ಯೂಟ್ ಹತ್ತು ಹದಿನೈದು ವರ್ಷ ಬದುಕಬಲ್ಲದು. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವ ನಮ್ಮಂತಹವರು ಅದನ್ನು ಯಾರಿಗೆ ಒಪ್ಪಿಸಿ ಹೋಗುವುದು? ಕೆರೆಗೋ ಬಾವಿಗೋ ಬಿಡುವ ಯೋಚನೆ ಸರ್ವಥಾ ಕೂಡದು. ಏಷ್ಯದ ನ್ಯೂಟ್‌ಗಳೊಡನೆ ಪ್ರಯಾಣ ಬೆಳೆಸಿತೆಂದು ವಿಜ್ಞಾನಿಗಳು ಭಾವಿಸುವ ಒಂದು ಬೂಷ್ಟು ನೆದರ್ಲೆಂಡ್ಸ್ ದೇಶದ ಸಾಲಮಂಡರ್‌ಗಳನ್ನು ಹೆಚ್ಚುಕಡಿಮೆ ನಿರ್ಮೂಲಗೊಳಿಸಿತು. ಅದನ್ನು ಗುರುತಿಸಿದ್ದು 2013ರಲ್ಲಿ. ಆ ಭಯದಿಂದ ಅಮೆರಿಕ 2016ರಲ್ಲಿ 201 ಜಾತಿಗಳ ಆಮದನ್ನು ತಡೆಯಿತು. ಸಾಕಲಾರದವರು ಅನುಭವವುಳ್ಳ ಬೇರೆ ಸಾಕಣೆಗಾರರಿಗೆ ಕಾಗದಪತ್ರಗಳೊಡನೆ ವಹಿಸಿಕೊಡಬೇಕು, ಇಲ್ಲವೆ ಅರಣ್ಯ ಇಲಾಖೆಯನ್ನು ಕೇಳಬೇಕು.

ಮಕ್ಕಳ ಹಟ ಬಿಡದಿದ್ದಲ್ಲಿ ಗಪ್ಪಿ ಮೀನುಗಳನ್ನು ತರಬಹುದು. ಚೆನ್ನೈಯ ಸೆಕೆ ಅವಕ್ಕೆ ಬಹುಮಟ್ಟಿಗೆ ಒಗ್ಗುತ್ತದೆ, ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ, ಬೆಲೆಯೂ ಅಲ್ಪ. ಗಂಡು ಹೆಣ್ಣು ಎರಡನ್ನೂ ತಂದರೆ ತಿಂಗಳಿಗೊಮ್ಮೆ ಮರಿಗಳಾಗುತ್ತವೆ. ಅವನ್ನು ಪಡೆಯಲು ಒಪ್ಪುವ ನೆರೆಹೊರೆಯವರನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು.