ಸಂಕಲನದೊಳಗಿನ ವ್ಯವಕಲನ

ಪ್ರಾಥಮಿಕ ಶಾಲೆಯ ಗಣಿತದಲ್ಲಿ ಸಂಕಲನವೆಂದರೆ ಕೂಡುವುದು, ವ್ಯವಕಲನವೆಂದರೆ ಕಳೆಯುವುದು. ಸಿನಿಮಾದವರು ಎಡಿಟಿಂಗ್‌ಗೆ ಕನ್ನಡದಲ್ಲಿ ಆರಿಸಿಕೊಂಡ ಹೆಸರೂ ಸಂಕಲನವೇ. ಶಾಟ್‌ಗೆ ಶಾಟ್ ಕೂಡಿಸಿಯೇ ಚಿತ್ರವಾಗುವುದರಿಂದ ಹೆಸರು ತಪ್ಪೇನಲ್ಲ. ಆದರೆ ಕಂಪ್ಯೂಟರ್ ಮುಂದೆ ಕೂತು ಆ ಕೆಲಸ ಮಾಡುವವರ ಹೆಚ್ಚಿನ ಹೊತ್ತು ಕಳೆಯುವುದರಲ್ಲೇ ಹೋಗುತ್ತದೆ. ಎರಡೂವರೆ ಗಂಟೆಯಷ್ಟು ಚಿತ್ರೀಕರಿಸಿ ತಂದು ಹತ್ತು ನಿಮಿಷದ ಚಿತ್ರ ಮಾಡಬೇಕಾದ ವಿದ್ಯಾರ್ಥಿ ತಂಡ 15 ಪಾಲಿನಲ್ಲಿ 14 ಪಾಲನ್ನು ಕೈಬಿಡಲೇಬೇಕು. ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಹೋದದ್ದರಿಂದ ಯಾರ ಮಾತಿನ ಅರ್ಥ ಬದಲಾಯಿತು ಎಂಬ ಲೆಕ್ಕ ಅಲ್ಲಿ ಶುರುವಾಗುತ್ತದೆ. ಶಾಲೆಯಲ್ಲಿ ಕಿರುಚಿತ್ರದ ಪ್ರಾಜೆಕ್ಟ್ ಎಂದ ಕೂಡಲೇ ಎಲ್ಲರ ಕಣ್ಣು ಕ್ಯಾಮೆರಾದ ಮೇಲೆ, ನಟಿಸುವ ಮಕ್ಕಳ ಮೇಲೆ, ಕೊನೆಗೆ ವಾರ್ಷಿಕೋತ್ಸವದ ಪರದೆಯ ಮೇಲೆ ಬೀಳುತ್ತದೆ. ಮಗುವಿಗೆ ನಿಜವಾದ ಪಾಠ ಸಿಗುವ ಜಾಗ ಮಾತ್ರ ಸಂಕಲನದ ಮೇಜು. ಶಾಲೆ ತನ್ನ ವೇಳೆಯನ್ನೂ ಅಂಕಗಳನ್ನೂ ಆ ಮೇಜಿಗೇ ಹೆಚ್ಚಾಗಿ ಕೊಡಬೇಕು ಎಂಬುದು ನನ್ನ ವಾದ.

ಬೆಳಗಾವಿಯ ರಾಮತೀರ್ಥ ನಗರವನ್ನೇ ತೆಗೆದುಕೊಳ್ಳೋಣ. ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿರದ, ನಗರಾಭಿವೃದ್ಧಿ ಪ್ರಾಧಿಕಾರ ನಿವೇಶನ ಹಂಚಿ ಬೆಳೆಸಿದ ಬಡಾವಣೆ ಇದು. ಇಲ್ಲಿ ಬೆಳೆಯುವ ಮಗುವಿಗೆ ಸುಮಾರು 26 ಕಿ.ಮೀ. ದೂರದ ಖಾನಾಪುರ ಗೋವಾಕ್ಕೆ ಹೋಗುವಾಗ ದಾರಿಯಲ್ಲಿ ಸಿಗುವ ಊರಾಗಿ ಉಳಿದುಬಿಡುವುದು ಸುಲಭ. ಚಿತ್ರ ಮಾಡಹೊರಟವರಿಗೋ ಆ ತಾಲ್ಲೂಕು ತುಂಬಿದ ಕಣಜ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಹಲಸಿಯಲ್ಲಿ ಕದಂಬರ ನೆನಪಿನ ಭೂವರಾಹ ನರಸಿಂಹ ದೇವಾಲಯವಿದೆ. ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. ಭೀಮಗಡದ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನ ಕೆಲವೇ ಕಡೆ ಕಾಣುವ ಬಾವಲಿಯೊಂದು ನೆಲೆಸಿದೆ. ಪಟ್ಟಣದಲ್ಲೇ ಹಂಚು, ಮಡಕೆಗಳ ಹಳೆಯ ಕಸುಬಿದೆ; ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಇದೆ. ಇಷ್ಟೊಂದು ಸಿರಿ ಇರುವುದೇ ಮೊದಲ ತೊಡಕು. ಒಂದೇ ದಿನದ ಬಸ್ಸಿನಲ್ಲಿ ಎಲ್ಲವನ್ನೂ ಸುತ್ತಿ, ಎಲ್ಲದರದ್ದೂ ಎರಡೆರಡು ನಿಮಿಷ ಹಿಡಿದು ತಂದು, ಮೇಲೊಂದು ಹಾಡು ಹಾಕಿದರೆ ಅದು ಪ್ರವಾಸದ ಆಲ್ಬಂ. ಒಂದನ್ನು ಆರಿಸಿ ಉಳಿದದ್ದನ್ನೆಲ್ಲ ಬಿಡಲು ಒಪ್ಪಿದಾಗ, ಕ್ಯಾಮೆರಾ ಚೀಲದಿಂದ ಹೊರಬರುವ ಮುಂಚೆಯೇ, ಸಂಕಲನದ ಮೊದಲ ಕತ್ತರಿ ಬಿದ್ದಿರುತ್ತದೆ.

ಆರಿಸಿದ್ದು ಮಡಕೆ ಎಂದುಕೊಳ್ಳಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವು ಒಡೆಯುವವರ ಕುರಿತು ಹೇಳುತ್ತೇವೆ. ಚಿತ್ರದ ನಿರ್ಮಾಣದ ಹೊಣೆ ಹೊತ್ತ ವಿದ್ಯಾರ್ಥಿ ಅದನ್ನು ವೇಳಾಪಟ್ಟಿಯ ಹಾಗೆ ಓದಬೇಕು. ಮಣ್ಣು ತಂದು, ಕಲ್ಲುಕಡ್ಡಿ ತೆಗೆದು, ತುಳಿದು ಹದಮಾಡಿ, ತಿಗರಿಯ ಮೇಲೆ ಎತ್ತಿ, ನೆರಳಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಡುವ ಕೆಲಸ ದಿನಗಟ್ಟಲೆ ನಡೆಯುತ್ತದೆ. ತಂಡ ಹೋದ ದಿನ ತಿಗರಿ ತಿರುಗುತ್ತಿದ್ದರೆ ಆವಿಗೆ ಉರಿಯುತ್ತಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆಯಲ್ಲಿ ಹಸಿಮಡಕೆ ಒಣಗುವುದೇ ಕಷ್ಟ. ಮಾರ್ಚ್ ಬಂದರೆ ಪರೀಕ್ಷೆ. ಹಾಗಾಗಿ ದಸರಾ ರಜೆಯ ನಂತರ ಎರಡು ಬಾರಿಯಾದರೂ ಹೋಗಿ, ನವೆಂಬರ್ ಒಳಗೆ ಚಿತ್ರೀಕರಣ ಮುಗಿಸಿ, ಡಿಸೆಂಬರ್ ಪೂರ್ತಿ ಸಂಕಲನಕ್ಕೆ ಇಟ್ಟುಕೊಂಡರೆ ಮಾತ್ರ ಕೆಲಸ ಕೂಡಿಬರುತ್ತದೆ. ಇದನ್ನು ಲೆಕ್ಕ ಹಾಕುವುದು, ಕುಂಬಾರರ ಮನೆಗೆ ಮೊದಲೇ ಹೋಗಿ ಕೇಳಿಕೊಂಡು ಬರುವುದು, ಯಾರ ಫೋನಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುವುದು, ಬುತ್ತಿ, ಬಸ್ಸು, ಪವರ್ ಬ್ಯಾಂಕ್ ಹೊಂದಿಸುವುದು ನಿರ್ಮಾಪಕನ ಕೆಲಸ. ಈ ಕೆಲಸಕ್ಕೆ ಚಪ್ಪಾಳೆ ಕಡಿಮೆ. ಆದರೆ ಇಲ್ಲಿ ಆದ ಎಡವಟ್ಟು ಮುಂದೆ ಟೈಮ್‌ಲೈನ್ ಮೇಲೆ ತೂತಾಗಿ ಕಾಣುತ್ತದೆ. ತಿಗರಿಯ ಶಾಟ್ ಹನ್ನೆರಡು ಇವೆ, ಬೆಂಕಿಯದು ಒಂದೂ ಇಲ್ಲ ಎಂದು ತಿಳಿಯುವುದು ಕಂಪ್ಯೂಟರ್ ಮುಂದೆ ಕೂತಾಗಲೇ. ಯೋಜನೆ ಎಂದರೇನು ಎಂಬುದು ಆಗ ಅರ್ಥವಾದಷ್ಟು ಯಾವ ಉಪನ್ಯಾಸದಿಂದಲೂ ಆಗುವುದಿಲ್ಲ.

ಇನ್ನು ಮುಖ್ಯ ಮಾತು. ಕಳೆದ ಶತಮಾನದ ಆರಂಭದಲ್ಲಿ ರಷ್ಯದ ಲೆವ್ ಕುಲೆಶೋವ್ ಒಬ್ಬ ನಟನ ಅದೇ ಮುಖವನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿ ತೋರಿಸಿದರು. ಸೂಪಿನ ಬಟ್ಟಲ ಪಕ್ಕ ಇದ್ದಾಗ ಆ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕ ಇದ್ದಾಗ ದುಃಖ ಕಂಡಿತು. ಮುಖ ಬದಲಾಗಿರಲಿಲ್ಲ. ಸಿನಿಮಾ ಶಾಲೆಗಳಲ್ಲಿ ಇದನ್ನು ಕಲೆಯ ಪಾಠವಾಗಿ ಹೇಳುತ್ತಾರೆ. ಶಾಲೆಯ ಮಗುವಿಗೆ ಇದು ನೀತಿಯ ಪಾಠವೂ ಹೌದು. ಖಾನಾಪುರ ತಾಲ್ಲೂಕಿನ ನೀರಿನ ಮೇಲೇ ಒಂದು ಚಿತ್ರ ಎಂದು ಊಹಿಸಿ. ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿ ಅಡಿ ನೀರಿನಲ್ಲಿ 3.9 ಟಿಎಂಸಿ ಅಡಿ, ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು. ಆ ಹಳ್ಳಗಳು ಇದೇ ತಾಲ್ಲೂಕಿನವು. ರೈತರೊಬ್ಬರು ಕ್ಯಾಮೆರಾ ಮುಂದೆ, 'ಕೆಳಗಿನ ಮಂದಿಗೆ ನೀರು ಬೇಕ್ರಿ, ಇಲ್ಲ ಅನ್ನಂಗಿಲ್ಲ, ಆದ್ರ ನಮ್ಮ ಕಾಡು ಹೋಗಬಾರದು' ಎಂದರೆಂದು ಇಟ್ಟುಕೊಳ್ಳಿ. 'ಬೇಕ್ರಿ' ಎಂಬಲ್ಲಿ ಕತ್ತರಿಸಿದರೆ ಅವರು ಯೋಜನೆಯ ಪರ. 'ನಮ್ಮ ಕಾಡು' ಎಂಬಲ್ಲಿಂದ ಇಟ್ಟುಕೊಂಡರೆ ವಿರೋಧಿ. ಎರಡೂ ಅವರದೇ ದನಿ, ಎರಡೂ ಸುಳ್ಳು. ಹದಿನಾಲ್ಕು ವರ್ಷದ ಮಗು ಮೌಸ್ ಹಿಡಿದು ಆ ಎರಡು ಸುಳ್ಳನ್ನೂ ತಾನೇ ಮಾಡಿ ನೋಡಿ, ಅಳಿಸಿ, ಪೂರ್ತಿ ವಾಕ್ಯವನ್ನು ಉಳಿಸಿತು ಎಂದರೆ, ಸುದ್ದಿ ಹೇಗೆ ತಿರುಚಲ್ಪಡುತ್ತದೆ ಎಂಬುದು ಅದರ ಬೆರಳಿಗೆ ಗೊತ್ತಾಯಿತು. ದಿನವೂ ಫೋನಿಗೆ ಬಂದು ಬೀಳುವ ತುಣುಕು ವಿಡಿಯೋಗಳ ಮುಂದೆ ಮಕ್ಕಳಿಗೆ ಬೇಕಾದ ರಕ್ಷಣೆ ಈ ತಿಳಿವಳಿಕೆಯೇ. ಹಿಂದೆ ಮುಂದೆ ಏನಿತ್ತು ಎಂದು ಕೇಳುವ ಅಭ್ಯಾಸ ಕತ್ತರಿಸಿ ನೋಡಿದವರಿಗೇ ಬರುತ್ತದೆ.

ಬೆಳಗಾವಿಯಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ, ಭಾಷೆಯದು. ಖಾನಾಪುರದ ಹಳ್ಳಿಗಳಲ್ಲಿ ಮೈಕ್ ಹಿಡಿದರೆ ಉತ್ತರ ಮರಾಠಿಯಲ್ಲಿ ಬರಬಹುದು, ಕೊಂಕಣಿಯಲ್ಲಿ ಬರಬಹುದು, ಎರಡು ವಾಕ್ಯ ಕನ್ನಡದಲ್ಲಿ ಆಡಿ ಮೂರನೆಯದಕ್ಕೆ ಮನೆಯ ಮಾತಿಗೆ ಹೊರಳಬಹುದು. ಗೊತ್ತಿಲ್ಲದ ಭಾಷೆಯ ಮಾತನ್ನು ಎಲ್ಲಿ ಕತ್ತರಿಸುವುದು? ಉಸಿರು ನಿಂತಲ್ಲಿ ಕತ್ತರಿಸಿದರೆ ವಾಕ್ಯದ ಕ್ರಿಯಾಪದವೇ ಹೋದೀತು. ಹೀಗಾಗಿ ಕನ್ನಡ ಮಾಧ್ಯಮದ ಮಗುವಿನ ಪಕ್ಕದಲ್ಲಿ ಮರಾಠಿ ಬಲ್ಲ ಮಗು ಕೂರಲೇಬೇಕಾಗುತ್ತದೆ. ಪರದೆಯ ಕೆಳಗಿನ ಎರಡು ಸಾಲಿನಲ್ಲಿ ಅಜ್ಜಿಯೊಬ್ಬಳ ಮಾತನ್ನು ಕನ್ನಡಕ್ಕಿಳಿಸುವಾಗ ಯಾವ ಪದ ಬಿಟ್ಟರೆ ನಡೆದೀತು ಎಂದು ಇಬ್ಬರೂ ಕೂಡಿ ತೀರ್ಮಾನಿಸಬೇಕಾಗುತ್ತದೆ. ಗಡಿಯ ಊರಿನಲ್ಲಿ ಇದು ವಿವಾದ ತಂದೀತು, ಶಾಲೆಗೇಕೆ ಈ ಉಸಾಬರಿ ಎಂದು ಹಿಂಜರಿಯುವವರಿದ್ದಾರೆ. ಅವರ ಅಳುಕು ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಒಂದು ಸಂಗತಿ ನೆನಪಿಸಬೇಕು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಚಿತ್ರೀಕರಣಗೊಂಡದ್ದು ಮರಾಠಿಯ ಊರಾದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ರಾಮತೀರ್ಥ ನಗರದ ಹತ್ತಿರ ಹಾಯುವ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಅದೇ ಊರು ಸಿಗುತ್ತದೆ. ಕನ್ನಡ ಪರದೆಯ ಮೇಲೆ ಮೊದಲು ಮಾತಾಡಿದ್ದೇ ಮರಾಠಿಯ ಅಂಗಳದಲ್ಲಿ ನಿಂತು. ಪೇಟೆಯಲ್ಲಿ ಎರಡೂ ಭಾಷೆಯಲ್ಲಿ ವ್ಯಾಪಾರ ಮಾಡುವ ಊರಿನ ಮಕ್ಕಳು ಎರಡೂ ಭಾಷೆಯಲ್ಲಿ ಚಿತ್ರ ಕತ್ತರಿಸಿದರೆ ಅಂಜಬೇಕಾದದ್ದೇನೂ ಇಲ್ಲ.

ನನ್ನ ವಾದಕ್ಕೆ ಎದುರಾಗುವ ಗಟ್ಟಿಯಾದ ಆಕ್ಷೇಪ ಬೇರೆ. ಚಿತ್ರೀಕರಣದಲ್ಲಿ ಇಡೀ ತಂಡಕ್ಕೆ ಕೆಲಸವಿರುತ್ತದೆ, ಮಾತು ಬಾರದ ಮಗುವೂ ಬಯಲಿಗೆ ಬಂದಾಗ ಚಿಗುರುತ್ತದೆ. ಸಂಕಲನದಲ್ಲಿ ಒಂದು ಮೌಸ್, ಒಂದು ಮಗು, ಉಳಿದವರು ಹಿಂದೆ ನಿಂತು ಆಕಳಿಸುತ್ತಾರೆ. ಕಂಪ್ಯೂಟರ್ ಚೆನ್ನಾಗಿ ಬಲ್ಲ, ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಒಬ್ಬನ ಕೈಗೆ ಎಲ್ಲರ ಚಿತ್ರ ಹೋಗಿಬಿಡುತ್ತದೆ. ಇದು ನಡೆಯುವಂಥದ್ದೇ. ಇದಕ್ಕೆ ಮದ್ದು ಸಿನಿಮಾದವರ ಹಳೆಯ ರೂಢಿಯಲ್ಲೇ ಇದೆ. ಪ್ರತಿ ಶಾಟ್‌ಗೂ ಒಂದು ಚೀಟಿ ಬರೆಯಬೇಕು: ಕ್ಲಿಪ್ಪಿನ ಸಂಖ್ಯೆ, ಎಷ್ಟು ಸೆಕೆಂಡು, ಏನಿದೆ, ಯಾರ ಮಾತು, ಸೌಂಡ್ ಹೇಗಿದೆ. ತರಗತಿಯ ನೆಲದ ಮೇಲೆ ಚೀಟಿಗಳನ್ನು ಹರಡಿ, ಸುತ್ತ ಕೂತು, ಜರುಗಿಸುತ್ತ, ಜಗಳಾಡುತ್ತ ಚಿತ್ರವನ್ನು ಕಾಗದದಲ್ಲೇ ಕಟ್ಟಬೇಕು. ಕಂಪ್ಯೂಟರ್‌ಗೆ ಹೋಗುವುದು ಆಮೇಲೆ. ತನಗಿಷ್ಟವಾದ ಶಾಟ್ ಏಕೆ ಉಳಿಯಬೇಕು ಎಂದು ಒಂದು ಮಗು ಹತ್ತು ಜನರ ಮುಂದೆ ವಾದಿಸಿ, ಸೋತು, ಆ ಚೀಟಿಯನ್ನು ತಾನೇ ಎತ್ತಿ ಬದಿಗಿಡುವುದಿದೆಯಲ್ಲ, ಅದು ತಂಡದ ಕೆಲಸವಲ್ಲದೆ ಮತ್ತೇನು? ಕುಲೆಶೋವ್ ಕಾಲದ ರಷ್ಯದಲ್ಲಿ ಕಚ್ಚಾ ಫಿಲ್ಮ್ ಸಿಗುತ್ತಿರಲಿಲ್ಲ. ಅವರ ಶಿಷ್ಯರು ಫಿಲ್ಮ್ ಇಲ್ಲದೆಯೇ ಚಿತ್ರಗಳನ್ನು ಅಭ್ಯಾಸ ಮಾಡಿದರು, ಬೇರೆಯವರ ಚಿತ್ರಗಳನ್ನು ಬಿಚ್ಚಿ ಮತ್ತೆ ಜೋಡಿಸಿ ಕಲಿತರು. ಸಲಕರಣೆಯ ಕೊರತೆ ಅವರನ್ನು ಸಂಕಲನದತ್ತ ತಳ್ಳಿತು.

ಕೊರತೆಯ ಮಾತು ಬಂದಾಗ ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರ 2018ರಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಐಟಿ ಕೂಟಗಳನ್ನು ಹೈಸ್ಕೂಲುಗಳಲ್ಲಿ ಶುರುಮಾಡಿತು. ಎಂಟನೇ ತರಗತಿಯ ಮಕ್ಕಳನ್ನು ಪರೀಕ್ಷೆಯ ಮೂಲಕ ಆರಿಸಿ, ಅನಿಮೇಷನ್, ಪ್ರೋಗ್ರಾಮಿಂಗ್, ಎಲೆಕ್ಟ್ರಾನಿಕ್ಸ್ ಜೊತೆಗೆ ಕ್ಯಾಮೆರಾ ಬಳಕೆ, ವಿಡಿಯೋ ಸಂಕಲನಗಳನ್ನೂ ಕಲಿಸಲಾಗುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಬದಲು ಸ್ವತಂತ್ರ ತಂತ್ರಾಂಶಗಳನ್ನೇ ನೆಚ್ಚಿಕೊಂಡ ವ್ಯವಸ್ಥೆ ಅದು. ಗಡಿಯಾಚೆಯ ನಮ್ಮ ಕನ್ನಡ ಮಾಧ್ಯಮದ ಶಾಲೆಗಳೂ ಅದರೊಳಗೇ ಇವೆ. ಅಲ್ಲಿ ಸಾಧ್ಯವಾದದ್ದು ರಾಜ್ಯದ ಎರಡನೇ ವಿಧಾನಸೌಧ ನಿಂತಿರುವ ಬೆಳಗಾವಿಯಲ್ಲಿ ಏಕೆ ಆಗಬಾರದು ಎಂದು ನಾವು ಗಟ್ಟಿಯಾಗಿ ಕೇಳಬೇಕು. ಕೆಡೆನ್‌ಲೈವ್, ಶಾಟ್‌ಕಟ್‌ನಂಥ ತಂತ್ರಾಂಶಗಳಿಗೆ ಕಾಸು ಬೇಡ. ಸಾಧಾರಣ ಎಚ್‌ಡಿಯಲ್ಲಿ ಫೋನಿನಿಂದ ತೆಗೆದ ವಿಡಿಯೋ ನಿಮಿಷಕ್ಕೆ ಸುಮಾರು 100 ಎಂಬಿ ಎಂದಿಟ್ಟುಕೊಂಡರೂ ಎರಡೂವರೆ ಗಂಟೆಗೆ 15 ಜಿಬಿ. ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಎಸ್ಸೆಸ್ಸೆಲ್ಸಿಯ ಒತ್ತಡ ಎನ್ನುವವರಿಗೆ ಒಂಬತ್ತನೇ ತರಗತಿ ಇದೆ. ಅಲ್ಲಿನ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೆಂದೇ ಅಂಕಗಳಿವೆ. ಅವನ್ನು ಮುಗಿದ ಚಿತ್ರದ ಅಂದಕ್ಕೆ ಕೊಡದೆ, ಚೀಟಿಗಳಿಗೆ, ಮೊದಲ ಜೋಡಣೆಗೂ ಕೊನೆಯದಕ್ಕೂ ಇರುವ ಅಂತರಕ್ಕೆ, ಏನನ್ನು ಏಕೆ ಬಿಟ್ಟೆವು ಎಂಬ ಒಂದು ಪುಟದ ಬರಹಕ್ಕೆ ಕೊಟ್ಟರೆ ಆಯಿತು.

ಈಗ ಆ್ಯಪ್‌ಗಳೇ ಕತ್ತರಿಸಿ, ಹಾಡು ಹಾಕಿ ಕೊಡುತ್ತವಲ್ಲ ಎಂಬ ಪ್ರಶ್ನೆಗೆ ಹೆಚ್ಚು ಮಾತು ಬೇಕಿಲ್ಲ. ಕ್ಯಾಲ್ಕುಲೇಟರ್ ಬಂದ ಮೇಲೂ ನಾವು ಮಗ್ಗಿ ಕಲಿಸುತ್ತೇವೆ. ಆ್ಯಪ್ ತಾಳಕ್ಕೆ ತಕ್ಕಂತೆ ಕತ್ತರಿಸಬಲ್ಲದು. ಕುಂಬಾರರು ಮಾತು ನಿಲ್ಲಿಸಿ, ಕೈಯ ಮಣ್ಣು ನೋಡುತ್ತ ಕೂತ ನಾಲ್ಕು ಸೆಕೆಂಡಿನ ಮೌನ ಆ ಚಿತ್ರದ ಜೀವ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮಕ್ಕಳಿಗೆ ಅಷ್ಟು ಪ್ರೌಢಿಮೆ ಎಲ್ಲಿಂದ ಬರಬೇಕು ಎನ್ನುವವರಿಗೆ 2006ರ 'ಕೇರ್ ಆಫ್ ಫುಟ್‌ಪಾತ್' ನೆನಪಿರಲಿ. ಮಾಸ್ಟರ್ ಕಿಶನ್ ಹತ್ತು ವರ್ಷದ ಆಸುಪಾಸಿನಲ್ಲಿ ನಿರ್ದೇಶಿಸಿದ ಆ ಕನ್ನಡ ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅದರ ಹಿಂದೆ ವೃತ್ತಿಪರರ ತಂಡವಿತ್ತು, ಶಾಲೆಗೆ ಅದು ಮಾದರಿಯಾಗಲಾರದು. ಆದರೆ ಪರದೆಯ ಮೇಲೆ ಏನಿರಬೇಕೆಂದು ನಿರ್ಧರಿಸುವ ಶಕ್ತಿ ಆ ವಯಸ್ಸಿಗೆ ಇದೆಯೇ ಎಂಬ ಅನುಮಾನವನ್ನು ಅದು ತೀರಿಸಿದೆ.

ಚಿತ್ರ ಮುಗಿದ ಮೇಲೂ ಎರಡು ಕೆಲಸ ಉಳಿಯುತ್ತವೆ. ಮೊದಲನೆಯದು, ವಾರ್ಷಿಕೋತ್ಸವಕ್ಕೆ ಮುಂಚೆ ಅದನ್ನು ಖಾನಾಪುರಕ್ಕೆ ಒಯ್ದು, ಅದರಲ್ಲಿ ಮಾತಾಡಿದವರಿಗೆ ತೋರಿಸುವುದು. 'ಈ ಮಾತು ತೆಗೀರಿ' ಎಂದರೆ ತೆಗೆಯುವುದು. ಅವರ ಮನೆಯ ಮಕ್ಕಳು ಚಿತ್ರದಲ್ಲಿದ್ದರೆ ಪಾಲಕರ ಒಪ್ಪಿಗೆ ಪಡೆಯುವುದು; 18 ವರ್ಷದೊಳಗಿನವರ ದತ್ತಾಂಶಕ್ಕೆ ಪಾಲಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ, ಹೇಳದಿದ್ದರೂ ಕೇಳುವುದು ನಮ್ಮ ನಡತೆ. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಕೈಬಿಟ್ಟ ಆ 14 ಪಾಲು ಕಸವಲ್ಲ. ತಿಗರಿಯ ಹನ್ನೆರಡು ಶಾಟ್‌ಗಳಲ್ಲಿ ಚಿತ್ರಕ್ಕೆ ಬೇಕಾದದ್ದು ಎರಡೇ ಇರಬಹುದು. ಉಳಿದ ಹತ್ತರಲ್ಲಿ ಒಬ್ಬರ ಕೈಯ ಚಳಕ ಪೂರ್ತಿಯಾಗಿ ದಾಖಲಾಗಿದೆ. 'ಸತಿ ಸುಲೋಚನ'ದ ಪ್ರತಿ ಇಂದು ಉಳಿದಿಲ್ಲ. ಕೊಲ್ಹಾಪುರದಲ್ಲಿ ಕನ್ನಡ ಹೇಗೆ ಕೇಳಿಸಿತ್ತು ಎಂದು ನಾವು ಇನ್ನು ಕೇಳಲಾರೆವು. ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಒಂದು ಹಾರ್ಡ್‌ಡಿಸ್ಕ್ ಇಟ್ಟು, ಊರು, ತಾರೀಖು, ಭಾಷೆ, ಒಪ್ಪಿಗೆ ಕೊಟ್ಟವರ ವಿವರಗಳನ್ನು ಚೀಟಿಗಳ ಸಮೇತ ಜೋಡಿಸಿಟ್ಟರೆ, ಬರುವ ವರ್ಷದ ಒಂಬತ್ತನೇ ತರಗತಿ ಖಾನಾಪುರದ ಬಸ್ಸು ಹತ್ತುವ ಮೊದಲು ಅಲ್ಲಿಂದಲೇ ಶುರುಮಾಡಬಹುದು: ಹಿಂದಿನವರು ಏನನ್ನು ಬಿಟ್ಟರು, ಆವಿಗೆಯ ಬೆಂಕಿ ಯಾರಿಗಾದರೂ ಸಿಕ್ಕಿತೇ ಎಂದು ನೋಡುತ್ತ.