ನಾಗರಹಾವೋ, ಕೇರೆಹಾವೋ?

ನಮ್ಮ ದುರ್ಗದ ಹೋಟೆಲುಗಳಲ್ಲಿ ಕಾಫಿ ಆರಿದರೂ ಈ ವಾದ ಆರದು: ತ.ರಾ.ಸು. ಬರೆದ 'ನಾಗರಹಾವು' ದೊಡ್ಡದೋ, 1972ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದದ್ದು ದೊಡ್ಡದೋ? ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಅವರೇ ಸಿಡುಕಿದ್ದುಂಟು.

ಸಿಟ್ಟಿಗೆ ಕಾರಣ ಇಲ್ಲದಿಲ್ಲ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಹೀಗೆ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ತುಂಬಿದರೆ ಸೋರದೆ ಇದ್ದೀತೆ? ರಾಮಾಚಾರಿ ಯಾಕೆ ಹೆಡೆ ಎತ್ತುತ್ತಾನೆ ಅಂತ ಪುಸ್ತಕ ನಿಧಾನವಾಗಿ ಹೇಳುತ್ತೆ; ತೆರೆಯ ಮೇಲೆ ವಿಷ್ಣುವರ್ಧನರ ಕಣ್ಣೇ ಹೇಳಬೇಕು.

ಆದರೆ ಸ್ವಾಮಿ, ಬಿಟ್ಟದ್ದನ್ನಷ್ಟೇ ಎಣಿಸುವುದು ನ್ಯಾಯವಲ್ಲ. ಉಳಿಸಿಕೊಂಡದ್ದು ನಿಂತಿದೆಯೇ ನೋಡಿ. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ನಿಂತಿದ್ದಾರೆ. ಓಬವ್ವನ ಕಿಂಡಿಗೆ ಬಂದವರ ಕಣ್ಣಿಗೆ ಇವತ್ತಿಗೂ ಒನಕೆ ಹಿಡಿದ ಜಯಂತಿಯೇ ಕಾಣುತ್ತಾರೆ. ಕೋಟೆಯ ಬಂಡೆಗಳೂ ಪಾತ್ರ ಮಾಡಿವೆ!

ಎಡವಿದ್ದು ಕೊನೆಯಲ್ಲಿ. ಮೇಷ್ಟ್ರು ಸತ್ತರು, ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಬೆಟ್ಟದಿಂದ ಹಾರಿದರು. ಧರ್ಮ ಬೇರೆಯಾದವರು ಕೂಡಿ ಬಾಳಬಹುದೇ ಎಂಬ ಪ್ರಶ್ನೆಯೂ ಅವರ ಜೊತೆ ಪ್ರಪಾತಕ್ಕೆ ಬಿತ್ತು. ಊರು ಉತ್ತರ ಕೊಡುವ ಕಷ್ಟದಿಂದ ಪಾರಾಯಿತು.

ಹಲ್ಲು ಕಿತ್ತಿದ್ದಾರೆ, ನಿಜ. ಹಾವು ಮಾತ್ರ ನಾಗರವೇ.